ಘಟ್ಟ ಹತ್ತಿ ಬಂದ ಬುಕಾನನ್ ಸಾಹೇಬ

ನಮ್ಮ ಘಟ್ಟದ ಸೀಮೆಯಲ್ಲಿ ಹಳಬರು ಹೇಳುತ್ತಿದ್ದ ಒಂದು ಗಾದೆಯುಂಟು. ರೊಕ್ಕವಿದ್ದವನು ಗೋಕರ್ಣಕ್ಕೆ ಹೋಗಬೇಕು, ಸೊಕ್ಕಿದ್ದವನು ಯಾಣಕ್ಕೆ ಹೋಗಬೇಕು ಎಂಬುದು ಅದರ ಸಾರ. ಗೋಕರ್ಣದಲ್ಲಿ ಪೂಜೆ, ಪಿಂಡ, ದಕ್ಷಿಣೆಗಳಿಗೆ ಕೈಯಲ್ಲಿ ಹಣವಿರಬೇಕು. ಯಾಣದ ಭೈರವೇಶ್ವರನನ್ನು ಕಾಣಲು ಹಣ ಬೇಡ. ಕಾಲಿನಲ್ಲಿ ಕಸುವು, ಎದೆಯಲ್ಲಿ ಒಂದಿಷ್ಟು ಹುಂಬತನ ಇದ್ದರೆ ಸಾಕು. ಮೋಟಾರು ರಸ್ತೆಯಾಗುವ ಮುಂಚೆ ಆ ದಾರಿ ಅಷ್ಟು ಕಠಿಣವಾಗಿತ್ತು.

ಆ ಹುಂಬತನ ನನ್ನಲ್ಲಿಯೂ ಒಮ್ಮೆ ಇತ್ತು. ನಾನು ಸಿದ್ದಾಪುರ ತಾಲೂಕಿನ ಒಂದು ತೋಟಿಗರ ಹಳ್ಳಿಯವನು. ಶಿರಸಿಯ ಆಚೆಗಿನ ಒಂದು ಶಾಲೆಗೆ ಮಾಸ್ತರನಾಗಿ ಹೋದ ಮೊದಲ ವರ್ಷ, ಶಿವರಾತ್ರಿ ಕಳೆದ ಮೇಲೆ, ಯಾಣವನ್ನು ನೋಡಬೇಕೆಂಬ ಹಂಬಲ ಹುಟ್ಟಿತು. ದಾರಿ ಬಲ್ಲವರು ಬೇಕಾಗಿತ್ತು. ಕರೆ ಒಕ್ಕಲಿಗರ ಕೇರಿಯ ವೃದ್ಧ ಗೌಡರೊಬ್ಬರು ಜೊತೆಗೆ ಬರಲು ಒಪ್ಪಿದರು. ನಸುಕಿನಲ್ಲಿ ಹೊರಟ ನಾವು ಬೆಟ್ಟವೇರಿ, ಕಣಿವೆಗಿಳಿದು, ಮತ್ತೆ ಏರಿ, ಹಳ್ಳ ದಾಟಿ, ಒಣಗಿದ ತರಗೆಲೆಯ ಮೇಲೆ ಜಾರುತ್ತ ನಡೆದೆವು. ತಂದಿದ್ದ ನೀರು ಹೊತ್ತೇರುವ ಮೊದಲೇ ಮುಗಿಯಿತು. ಕೊನೆಗೊಂದು ತಿರುವಿನಲ್ಲಿ ಮರಗಳ ನಡುವೆ ಕಾಡಿನ ತಲೆಯನ್ನೂ ಮೀರಿ ನಿಂತ ಕರಿಯ ಗೋಡೆ ಕಂಡಿತು. ೧೨೦ ಮೀಟರು ಎತ್ತರದ ಭೈರವೇಶ್ವರ ಶಿಖರ. ಅದರಾಚೆ ೯೦ ಮೀಟರಿನ ಮೋಹಿನಿ ಶಿಖರ. ಸುತ್ತ ಅದೇ ಕರಿಯ ಸುಣ್ಣಶಿಲೆಯ ಹತ್ತಾರು ಬಂಡೆಗಳು, ಚೂಪಾಗಿ, ಬಿರುಕುಬಿಟ್ಟು, ಹೆಜ್ಜೇನಿನ ಹುಟ್ಟುಗಳನ್ನು ನೇತುಹಾಕಿಕೊಂಡು ನಿಂತಿದ್ದವು. ಗುಹೆಯೊಳಗೆ ಲಿಂಗದ ಮೇಲೆ ಬಂಡೆಯಿಂದಲೇ ನೀರು ತೊಟ್ಟಿಕ್ಕುತ್ತಿತ್ತು. ಭಸ್ಮಾಸುರನು ಉರಿದುಹೋದ ಜಾಗವಾದ್ದರಿಂದ ಕಲ್ಲೂ ಮಣ್ಣೂ ಕಪ್ಪಾದವೆಂದು ಸ್ಥಳಪುರಾಣ ಹೇಳುತ್ತದೆ.

ಇಂದು ನನ್ನನ್ನು ಕಾಡುವುದು ಆ ಶಿಖರಗಳಲ್ಲ, ಜೊತೆಗಿದ್ದ ಗೌಡರ ಮಾತು. ದಾರಿಯುದ್ದಕ್ಕೂ ಅವರು ಹೆಸರುಗಳನ್ನು ಹೇಳುತ್ತ ಬಂದರು. ಪ್ರತಿಯೊಂದು ಏರಿಗೆ ಒಂದು ಹೆಸರು, ಪ್ರತಿಯೊಂದು ಹಳ್ಳದ ಮಡುವಿಗೆ ಒಂದು ಹೆಸರು. ನನಗೆ ಒಂದೇ ಬಗೆಯಾಗಿ ಕಾಣುತ್ತಿದ್ದ ಬಂಡೆಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ಹೆಸರು, ಆ ಹೆಸರಿಗೊಂದು ಕಥೆ. ನಾನು ಹೂಂಗುಟ್ಟುತ್ತ ನಡೆದೆ. ಕಿಸೆಯಲ್ಲಿ ಪೆನ್ನಿತ್ತು, ಚೀಲದಲ್ಲಿ ವಹಿಯಿತ್ತು, ಒಂದನ್ನೂ ಬರೆದುಕೊಳ್ಳಲಿಲ್ಲ. ಓದಿದವನೆಂಬ ಬಿಂಕವೋ, ಇವೆಲ್ಲ ಎಲ್ಲಿಗೆ ಹೋಗುತ್ತವೆ ಎಂಬ ಉಪೇಕ್ಷೆಯೋ ಹೇಳಲಾರೆ. ಗೌಡರು ತೀರಿಕೊಂಡು ದಶಕಗಳೇ ಸಂದವು. ಆ ಹೆಸರುಗಳಲ್ಲಿ ಒಂದೆರಡರ ಹೊರತು ಯಾವುದೂ ನನ್ನ ನೆನಪಿನಲ್ಲಿ ಉಳಿದಿಲ್ಲ.

ಈ ತಪ್ಪಿನ ಅರಿವನ್ನು ನನಗೆ ತಂದುಕೊಟ್ಟವನು ನಮ್ಮ ನಾಡಿನವನಲ್ಲ, ನಮ್ಮ ಭಾಷೆಯನ್ನು ಬಲ್ಲವನೂ ಅಲ್ಲ. ಅವನು ಸ್ಕಾಟ್ಲೆಂಡಿನ ಒಬ್ಬ ವೈದ್ಯ, ಈಸ್ಟ್ ಇಂಡಿಯಾ ಕಂಪನಿಯ ನೌಕರ. ಫ್ರಾನ್ಸಿಸ್ ಬುಕಾನನ್ ಎಂಬ ಅವನ ಹೆಸರು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವೇ. ಟಿಪ್ಪುವಿನ ಪತನದ ತರುವಾಯ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಮೂರು ಸಂಪುಟಗಳ ಪ್ರವಾಸ ಗ್ರಂಥವನ್ನು ಬರೆದವನೆಂದು ಪಠ್ಯಪುಸ್ತಕಗಳು ಅವನನ್ನು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಆ ಒಂದು ವಾಕ್ಯದ ಹಿಂದಿರುವ ಜೀವನವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬುಕಾನನ್ ಹುಟ್ಟಿದುದು ೧೭೬೨ರ ಫೆಬ್ರವರಿ ೧೫ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದ ಕ್ಯಾಲಂಡರಿನ ಬಳಿ. ಅದೂ ಗುಡ್ಡಬೆಟ್ಟಗಳ ಸೀಮೆಯೇ. ತಂದೆ ವೈದ್ಯ. ತಾಯಿ ಹ್ಯಾಮಿಲ್ಟನ್ ಮನೆತನದವಳು. ಆ ಮನೆತನದ ಹೆಸರು ಅವನ ಬಾಳಿನ ಕೊನೆಯಲ್ಲಿ ವಿಚಿತ್ರ ರೀತಿಯಿಂದ ಮರಳಿ ಬರಲಿತ್ತು. ಅವನು ಹಿರಿಯ ಮಗನಲ್ಲವಾದ್ದರಿಂದ ಆಸ್ತಿಯ ಆಸೆ ಇರಲಿಲ್ಲ, ವಿದ್ಯೆಯಿಂದಲೇ ಬದುಕಬೇಕಾಗಿತ್ತು. ಗ್ಲಾಸ್ಗೋದಲ್ಲಿ ಓದಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತು, ೧೭೮೩ರಲ್ಲಿ ಪದವಿ ಪಡೆದನು. ಅಲ್ಲಿ ಅವನಿಗೆ ಸಸ್ಯಶಾಸ್ತ್ರವನ್ನು ಕಲಿಸಿದವನು ಜಾನ್ ಹೋಪ್ ಎಂಬ ಖ್ಯಾತ ಅಧ್ಯಾಪಕ. ಜಗತ್ತಿನ ಪ್ರತಿಯೊಂದು ಗಿಡಕ್ಕೂ ಎರಡು ಪದಗಳ ಲ್ಯಾಟಿನ್ ಹೆಸರು ಕೊಟ್ಟು ವರ್ಗೀಕರಿಸುವ ಲಿನೇಯಸ್ಸನ ಕ್ರಮವನ್ನು ಬ್ರಿಟನ್ನಿನಲ್ಲಿ ಮೊದಲಾಗಿ ಬೋಧಿಸಿದವರಲ್ಲಿ ಹೋಪ್ ಒಬ್ಬನು. ಹೆಸರಿಡುವ ಹುಚ್ಚು ಬುಕಾನನ್ನನಿಗೆ ಹತ್ತಿದುದು ಅಲ್ಲಿಯೇ ಎಂದು ನನಗೆ ತೋರುತ್ತದೆ.

ಮೊದಲ ಕೆಲವು ವರ್ಷಗಳು ಹಡಗಿನ ವೈದ್ಯನಾಗಿ ಸಮುದ್ರದ ಮೇಲೆ ಕಳೆದವು. ೧೭೯೪ರಲ್ಲಿ ಅವನು ಕಂಪನಿಯ ಬಂಗಾಳದ ವೈದ್ಯಸೇವೆಯನ್ನು ಸೇರಿದನು. ಮರುವರ್ಷವೇ ಬರ್ಮಾದ ಆವಾ ಅರಸನ ಆಸ್ಥಾನಕ್ಕೆ ಹೊರಟ ರಾಯಭಾರಿ ಸೈಮ್ಸನ ಜೊತೆಗೆ ವೈದ್ಯನಾಗಿ ಹೋದನು. ಗಾಯಕ್ಕೆ ಪಟ್ಟಿ ಕಟ್ಟುವುದು ಅವನ ಕರ್ತವ್ಯ. ಆದರೆ ಅವನು ಅಲ್ಲಿಂದ ತಂದದ್ದು ಒಣಗಿಸಿದ ಗಿಡಗಳನ್ನು ಮತ್ತು ಜನರ ಮಾತುಗಳನ್ನು. ಬರ್ಮಾ ರಾಜ್ಯದಲ್ಲಿ ಆಡುವ ಬೇರೆಬೇರೆ ಭಾಷೆಗಳ ಶಬ್ದಗಳನ್ನು ಸಾಲಾಗಿ ಹೋಲಿಸಿದ ಅವನ ಲೇಖನವು ೧೭೯೯ರಲ್ಲಿ ಪ್ರಕಟವಾಯಿತು. ಮಧ್ಯೆ ೧೭೯೮ರಲ್ಲಿ, ಸಾಂಬಾರ ಬೆಳೆಗಳಿಗೆ ತಕ್ಕ ನೆಲವಿದೆಯೇ ಎಂದು ನೋಡಿಬರಲು ಕಂಪನಿ ಅವನನ್ನು ಚಿತ್ತಗಾಂಗಿನ ಗುಡ್ಡಗಳಿಗೆ ಕಳುಹಿಸಿತ್ತು. ಅಲ್ಲಿಯೂ ಇದೇ ಕಥೆ. ನೆಲವನ್ನು ನೋಡಿದಂತೆಯೇ ಅದರ ಮೇಲೆ ನಡೆಯುವವರನ್ನೂ ನೋಡಿ ಬರೆದನು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಕರಾವಳಿಯ ಕನ್ನಡ ಜಿಲ್ಲೆಯೂ ಘಟ್ಟದ ಮೇಲಿನ ಸೋದೆಯ ಸೀಮೆಯೂ ಕಂಪನಿಯ ಪಾಲಾದವು. ಗೆದ್ದ ನೆಲದಲ್ಲಿ ಏನಿದೆ, ಏನು ಬೆಳೆಯುತ್ತದೆ, ಎಷ್ಟು ಹುಟ್ಟುವಳಿ ಬರಬಹುದು ಎಂಬುದನ್ನು ತಿಳಿಯುವ ಆತುರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ. ೧೮೦೦ರ ಫೆಬ್ರವರಿಯಲ್ಲಿ ಅವನು ಬುಕಾನನ್ನನಿಗೆ ಅಪ್ಪಣೆ ಕೊಟ್ಟನು. ಬೇಸಾಯ, ದನಕರು, ಹತ್ತಿ, ಮೆಣಸು, ಗಂಧ, ಏಲಕ್ಕಿ, ಗಣಿ, ಕೈಕಸಬು, ಹವೆ, ಜನರ ಸ್ಥಿತಿಗತಿ, ಎಲ್ಲವನ್ನೂ ವಿಚಾರಿಸಿ ವರದಿ ಮಾಡಬೇಕು. ಏಪ್ರಿಲ್ ೨೩ರಂದು ಮದರಾಸಿನಿಂದ ಹೊರಟ ಬುಕಾನನ್ ಮರುವರ್ಷದ ಜುಲೈ ೬ರಂದು ಮದರಾಸಿಗೇ ಹಿಂತಿರುಗಿದನು. ಹದಿನಾಲ್ಕು ತಿಂಗಳಿಗೂ ಮೀರಿದ ಈ ಸುತ್ತಾಟದಲ್ಲಿ ಅವನು ದಿನಚರಿಯನ್ನು ಬಿಡದೆ ಬರೆದನು. ಇಂದು ಇಷ್ಟು ಹರದಾರಿ ನಡೆದೆ, ಈ ಊರಿಗೆ ಬಂದೆ, ಇಲ್ಲಿನವರು ಹೀಗೆ ಹೇಳಿದರು ಎಂಬ ಒಂದೇ ಧಾಟಿ. ಡೇರೆ ಬಿಚ್ಚುವುದು, ನಡೆಯುವುದು, ಡೇರೆ ಹಾಕುವುದು, ಊರ ಜನರನ್ನು ಕರೆಸಿ ಪ್ರಶ್ನೆ ಕೇಳುವುದು, ದೀಪದ ಬೆಳಕಿನಲ್ಲಿ ಬರೆಯುವುದು. ಇದೇ ಅವನ ದಿನದ ಕ್ರಮ.

ಮಲಬಾರನ್ನು ಮುಗಿಸಿ ೧೮೦೧ರ ಆರಂಭದಲ್ಲಿ ಅವನು ಕಾಸರಗೋಡಿನ ಬಳಿಯ ಚಂದ್ರಗಿರಿ ಹೊಳೆಯನ್ನು ದಾಟಿ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿದನು. ಮಂಗಳೂರು, ಭಟ್ಕಳ, ಹೊನ್ನಾವರ, ಮಿರ್ಜಾನುಗಳನ್ನು ಹಾಯ್ದು ಗೋಕರ್ಣಕ್ಕೆ ಬಂದನು. ನಮ್ಮ ಗಾದೆಯನ್ನು ನೆನೆದರೆ ಇಲ್ಲಿ ಸಣ್ಣದೊಂದು ನಗೆ ಬರುತ್ತದೆ. ರೊಕ್ಕದ ಲೆಕ್ಕ ಹಾಕಲು ಬಂದವನು ಗೋಕರ್ಣಕ್ಕೇ ಹೋದನು. ಯಾಣದ ಕಡೆಗೆ ಅವನ ದಾರಿ ತಿರುಗಲಿಲ್ಲ. ಗೋಕರ್ಣದಿಂದ ಅಂಕೋಲೆ, ಸದಾಶಿವಗಡಗಳಿಗೆ ಹೋಗಿ, ಕಾಳಿ ಹೊಳೆಯ ಸೀಮೆಯಿಂದ ಘಟ್ಟವೇರಿ, ಮಾರ್ಚ್ ತಿಂಗಳ ಉರಿಬಿಸಿಲಿನಲ್ಲಿ ಅವನು ಯಲ್ಲಾಪುರಕ್ಕೆ ಬಂದನು. ಗ್ರಂಥದ ಆ ಭಾಗದ ಅಧ್ಯಾಯಕ್ಕೆ ಅವನು ಕೊಟ್ಟ ತಲೆಬರಹದಲ್ಲಿ ಈ ನೆಲವನ್ನು ಕರ್ನಾಟದ ಪ್ರವೇಶವೆಂದು ಕರೆದಿದ್ದಾನೆ. ಸರಕಾರಿ ನಕಾಶೆಯಲ್ಲಿ ಘಟ್ಟದ ಕೆಳಗೂ ಮೇಲೂ ಒಂದೇ ಜಿಲ್ಲೆ. ಆದರೆ ಘಟ್ಟ ಹತ್ತಿದೊಡನೆ ತಾನು ಬೇರೊಂದು ನಾಡಿನೊಳಗೆ ಕಾಲಿಟ್ಟೆನೆಂಬುದನ್ನು ಆ ಪರಕೀಯನು ಮನಗಂಡನು.

ಯಲ್ಲಾಪುರದಿಂದ ಸೋದೆ, ಸೋದೆಯಿಂದ ಶಿರಸಿ, ಶಿರಸಿಯಿಂದ ಬನವಾಸಿ. ನಮ್ಮ ಇಂದಿನ ವಾಹನಗಳಿಗೆ ಇದು ಒಂದು ದಿನದ ವಿಹಾರ. ಅಂದಿನ ದಾರಿಯ ಕಷ್ಟವನ್ನು ಊಹಿಸಲು ಯಾಣದ ನನ್ನ ನಡಿಗೆ ಸ್ವಲ್ಪ ನೆರವಾಗುತ್ತದೆ. ಆದರೆ ನಾನು ಕಂಡದ್ದು ಕಾಡು ಮಾತ್ರ. ಅವನು ಕಂಡದ್ದು ಊರುಗಳನ್ನು ನುಂಗಿದ ಕಾಡು. ಈ ಭೇದವನ್ನು ಮರೆಯಬಾರದು. ಸೋದೆಯ ಅರಸರದು ಸಾಮಾನ್ಯ ಸಂಸ್ಥಾನವಾಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಅರಸಪ್ಪ ನಾಯಕನ ಕಾಲಕ್ಕೆ ಶ್ರೀ ವಾದಿರಾಜರು ನೆಲೆನಿಂತ ಸ್ಥಳವದು. ಶಾಲ್ಮಲೆಯ ಹರಿವಿನ ನಡುವೆ ಬಂಡೆಬಂಡೆಗೂ ಲಿಂಗವನ್ನು ಕಡೆಸಿದ ಸಹಸ್ರಲಿಂಗವು ಆ ಮನೆತನದ ಕಾಲದ ಕುರುಹಾಗಿ ಇಂದಿಗೂ ಇದೆ. ಹೈದರನು ೧೭೬೩ರಲ್ಲಿ ಬಿದನೂರನ್ನು ಗೆದ್ದ ಬೆನ್ನಿಗೇ ಸೋದೆಯೂ ಅವನ ಕೈಸೇರಿತು. ಅಲ್ಲಿನ ಅರಸನು ಗೋವೆಯ ಪೋರ್ತುಗೀಜರ ಆಶ್ರಯಕ್ಕೆ ಹೋದನು. ಮೇಲಿಂದ ಮೇಲೆ ಮರಾಟರ ದಾಳಿಗಳು. ಬುಕಾನನ್ ಬರುವ ಹೊತ್ತಿಗೆ ಬೀದಿಗಳಿದ್ದಲ್ಲಿ ಪೊದೆ, ಗದ್ದೆಗಳಿದ್ದಲ್ಲಿ ಮರ. ಮರಳುಗಾಡಿನಲ್ಲಿ ನಡೆಯುವವನಿಗೆ ದಾಹವೊಂದೇ ಬಾಧೆ. ಹಾಳೂರಿನ ಕಾಡಿನಲ್ಲಿ ನಡೆಯುವವನಿಗೆ ಪ್ರತಿ ಹೆಜ್ಜೆಗೂ ಇಲ್ಲದವರ ನೆನಪು ಅಡ್ಡ ಬರುತ್ತದೆ. ಬುಕಾನನ್ನನದು ಭಾವುಕ ಲೇಖನಿಯಲ್ಲ. ಹಾಳಾದದ್ದನ್ನು ಹಾಳೆಂದು ಬರೆದು, ಕಾರಣವನ್ನು ವಿಚಾರಿಸಿ, ಮುಂದಿನ ಸಾಲಿನಲ್ಲಿ ಅಡಕೆಯ ವಿಷಯಕ್ಕೆ ಹೋಗುತ್ತಾನೆ.

ಆ ಅಡಕೆಯ ವಿಷಯವೇ ನಮಗೆ ಅಮೂಲ್ಯವಾದುದು. ಕಣಿವೆಗಳ ತಂಪಿನಲ್ಲಿ ಅಡಕೆ, ಅಡಕೆಯ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಅದರ ನೆರಳಿನಲ್ಲಿ ಏಲಕ್ಕಿ. ಒಂದೇ ನೆಲದಲ್ಲಿ ಮೂರು ಬೆಳೆಗಳನ್ನು ಒಂದರ ಮೈಗೆ ಒಂದನ್ನು ಆನಿಸಿ ಬೆಳೆಸುವ ನಮ್ಮ ತೋಟಗಾರಿಕೆಯನ್ನು ಅವನು ಗಮನವಿಟ್ಟು ವಿಚಾರಿಸಿದನು. ಹೈಗರೆಂದು ಅಂದು ಕರೆಯುತ್ತಿದ್ದ ಹವ್ಯಕ ಬ್ರಾಹ್ಮಣರು ತೋಟದ ದುಡಿಮೆಯನ್ನು ಸ್ವಂತ ಕೈಯಿಂದ ಮಾಡುತ್ತಾರೆಂಬುದು ಅವನ ಗಮನವನ್ನು ವಿಶೇಷವಾಗಿ ಸೆಳೆಯಿತು. ಬೇರೆಡೆ ಅವನು ಕಂಡ ಬ್ರಾಹ್ಮಣರಿಗಿಂತ ಇವರು ಭಿನ್ನರಾಗಿ ತೋರಿದರು. ನನ್ನ ಅಜ್ಜನ ಅಜ್ಜ ಆ ಕಾಲಕ್ಕೆ ಯಾವ ತೋಟದಲ್ಲಿ ಸೊಪ್ಪು ಹೊರುತ್ತಿದ್ದನೋ ನಾನರಿಯೆ. ನಮ್ಮ ಮನೆಯಲ್ಲಿ ಅವನ ಹೆಸರೂ ಉಳಿದಿಲ್ಲ. ಅವನ ಕೈಯ ಕೆಲಸದ ವಿವರ ಮಾತ್ರ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಉಳಿದಿದೆ.

ಬನವಾಸಿಯಲ್ಲಿ ವರದಾ ತೀರದ ಮಧುಕೇಶ್ವರನ ಗುಡಿ ಮತ್ತು ಶಾಸನಗಳು, ಮುಂದೆ ಚಂದ್ರಗುತ್ತಿ, ಆಮೇಲೆ ಕೆಳದಿ, ಇಕ್ಕೇರಿ, ನಗರ. ನನ್ನ ಸಿದ್ದಾಪುರ ಅವನ ಬಲಗಡೆಗೆ ಉಳಿಯಿತು. ಹೀಗೆ ನಮ್ಮ ಮೂರು ತಾಲೂಕುಗಳಲ್ಲಿ ಎರಡನ್ನು ಅವನು ನಡುವಿನಿಂದ ಹಾಯ್ದನು, ಮೂರನೆಯದರ ಅಂಚನ್ನು ಸವರಿಕೊಂಡು ಹೋದನು.

ಧಾರವಾಡದ ಗ್ರಂಥಾಲಯವೊಂದರಲ್ಲಿ ಈ ಸಂಪುಟಗಳನ್ನು ನಾನು ಮೊದಲು ತೆರೆದುದು ಜಗಳಕ್ಕೆ ನಿಂತವನಂತೆಯೇ ಎಂಬುದನ್ನು ಒಪ್ಪಿಕೊಳ್ಳಬೇಕು. ಈತನು ಕಂಪನಿಯ ಕಣ್ಣು. ಈತನ ಪ್ರತಿಯೊಂದು ಪ್ರಶ್ನೆಯ ಹಿಂದೆಯೂ ಕಂದಾಯದ ಗಂಟು ಇದೆ ಎಂಬುದು ನನ್ನ ತಕರಾರು. ಆ ತಕರಾರು ಸುಳ್ಳಲ್ಲ. ಅಧಿಕಾರಿಗಳ ಆಳುಗಳೊಡನೆ ಬಂದು ನಿನ್ನ ತೋಟದಲ್ಲಿ ಎಷ್ಟು ಮರವೆಂದು ಕೇಳುವ ಸಾಹೇಬನಿಗೆ ಯಾವ ತೋಟಿಗನು ನಿಜವನ್ನು ಹೇಳಿಯಾನು? ಅವನಿಗೂ ಅದು ಗೊತ್ತಿತ್ತು. ರೈತರು ಕೊಟ್ಟ ಲೆಕ್ಕಗಳನ್ನು ಅವನು ಸಂಶಯದಿಂದಲೇ ನೋಡುತ್ತಾನೆ. ಕನ್ನಡ ಅವನಿಗೆ ಬಾರದು, ದುಭಾಷಿಗಳನ್ನು ನಂಬಬೇಕಾಗಿತ್ತು. ನಮ್ಮ ಪುರಾಣಗಳ ಮೇಲೆ ಅವನಿಗೆ ತಾತ್ಸಾರ, ಬ್ರಾಹ್ಮಣರ ಮೇಲೆ ಗುಮಾನಿ. ಅವನ ತೀರ್ಪುಗಳಲ್ಲಿ ಹಲವನ್ನು ಇಂದು ಯಾರೂ ಒಪ್ಪಲಾರರು.

ಆದರೂ ಪುಟ ತಿರುವಿದಂತೆ ನನ್ನ ಜಗಳದ ಕಾವು ಇಳಿಯತೊಡಗಿತು. ಕಂದಾಯಕ್ಕೆ ಬೇಕಾದುದಕ್ಕಿಂತ ಬಹಳ ಹೆಚ್ಚನ್ನು ಈತನು ಕೇಳಿದ್ದಾನೆ. ಮಲಬಾರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಜೀತದಾಳುಗಳಿಗೆ ಕೊಡುವ ಕಾಳೆಷ್ಟು, ಬಟ್ಟೆಯೆಷ್ಟು, ಅವರನ್ನು ಮಾರುವ ಬೆಲೆಯೆಷ್ಟು ಎಂಬುದನ್ನು ವಿಚಾರಿಸಿ ಬರೆದಿದ್ದಾನೆ. ಅರಮನೆಯ ಕವಿಗಳು ಹಾಡದ, ಮಠದ ಕಡತಗಳು ಕಾಣದ ಜನ ಇವನ ದಿನಚರಿಯಲ್ಲಿ ಕಾಣಿಸಿಕೊಂಡಿದ್ದಾರೆ. ಒಂದೊಂದು ಜಾತಿಯವರನ್ನು ಕರೆಸಿ, ನಿಮ್ಮ ಮದುವೆ ಹೇಗೆ, ನಿಮ್ಮ ದೇವರು ಯಾರು, ನಿಮ್ಮಲ್ಲಿ ಸತ್ತವರನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಾನೆ. ಕೇಳಿದುದನ್ನು ಬರೆದುಕೊಂಡಿದ್ದಾನೆ.

ಈ ಕೇಳುವ ಗುಣದ ಅತ್ಯುತ್ತಮ ನಿದರ್ಶನ ಒಂದು ಕಲ್ಲು. ನಮ್ಮ ಜಿಲ್ಲೆಯವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ನೆಲದೊಳಗಿರುವಾಗ ಮೆತ್ತಗೆ, ಕೊಡಲಿಯಂಥ ಹತಾರದಿಂದ ಕಡಿಯಲು ಬರುವಂತೆ ಇರುತ್ತದೆ. ಹೊರತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಮೈಯೆಲ್ಲ ತೂತು, ಬಣ್ಣ ಕೆಂಪು. ನಮ್ಮ ಮನೆಯ ಗೋಡೆ, ಬಾವಿಯ ಕಟ್ಟೆ, ತೋಟದ ಪಾಗಾರ, ಊರ ಗುಡಿ ಎಲ್ಲವೂ ಅದರವೇ. ಚಿರೆಕಲ್ಲು ಎನ್ನುತ್ತೇವೆ, ಕೆಂಪುಕಲ್ಲು ಎನ್ನುತ್ತೇವೆ, ಜಂಬಿಟ್ಟಿಗೆ ಎನ್ನುತ್ತೇವೆ. ಬುಕಾನನ್ ಈ ಕಲ್ಲನ್ನು ವಿವರವಾಗಿ ವರ್ಣಿಸಿದುದು ಘಟ್ಟ ಹತ್ತುವ ಮೊದಲು, ೧೮೦೦ರ ಕೊನೆಯಲ್ಲಿ, ಮಲಬಾರಿನ ಅಂಗಾಡಿಪುರದ ಬಳಿ. ಈ ಕಲ್ಲಿಗೆ ನೀವೇನೆನ್ನುತ್ತೀರಿ ಎಂದು ಕೇಳಿದನು. ದೇಶಭಾಷೆಗಳಲ್ಲಿ ಇದನ್ನು ಇಟ್ಟಿಗೆಕಲ್ಲು ಎನ್ನುತ್ತಾರೆಂದು ತಿಳಿಯಿತು. ಅವನು ಅದನ್ನು ಬರೆದುಕೊಂಡನು; ಲ್ಯಾಟಿನಿನಲ್ಲಿ ಇಟ್ಟಿಗೆಗಿರುವ ಶಬ್ದದಿಂದಲೇ ಲ್ಯಾಟರೈಟ್ ಎಂಬ ಹೆಸರನ್ನು ಕಟ್ಟಿದನು. ೧೮೦೭ರಲ್ಲಿ ಗ್ರಂಥ ಅಚ್ಚಾಯಿತು. ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯಗಳಲ್ಲಿ ಎಲ್ಲಿ ಈ ಬಗೆಯ ಕಲ್ಲಿದೆಯೋ ಅಲ್ಲೆಲ್ಲ ಭೂವಿಜ್ಞಾನಿಗಳು ಇಂದು ಅದೇ ಹೆಸರನ್ನು ಬಳಸುತ್ತಾರೆ. ಅಂಗಾಡಿಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದರ ನೆನಪಿಗೆ ಸ್ಮಾರಕವನ್ನು ನಿಲ್ಲಿಸಿದೆ.

ಬುಕಾನನ್ ನಮ್ಮ ಕಲ್ಲಿಗೆ ಹೆಸರಿಟ್ಟನೆಂದು ಪುಸ್ತಕಗಳು ಹೇಳುತ್ತವೆ. ಸರಿಯಾಗಿ ನೋಡಿದರೆ ಅವನು ಹೆಸರಿಡಲಿಲ್ಲ, ಇದ್ದ ಹೆಸರನ್ನು ಅನುವಾದಿಸಿದನು. ಕಲ್ಲು ಕಡಿಯುವ ಕೆಲಸಗಾರನ ಬಾಯಿಂದ ಹೊರಟ ಮಾತು ಲ್ಯಾಟಿನಿನ ಅಂಗಿ ತೊಟ್ಟು ಜಗತ್ತನ್ನು ಸುತ್ತಿತು. ನಮ್ಮ ಜಂಬಿಟ್ಟಿಗೆಯೊಳಗೂ ಅದೇ ಇಟ್ಟಿಗೆ ಅಡಗಿ ಕುಳಿತಿದೆಯಲ್ಲ! ಆ ಕೆಲಸಗಾರನಾರೋ ಯಾರಿಗೂ ತಿಳಿಯದು. ಕೇಳಿದವನು ಪ್ರಸಿದ್ಧನಾದನು. ಇದು ಅನ್ಯಾಯವೆಂದರೆ ಹೌದು. ಆದರೆ ಕೇಳದೆ ಹೋಗಿದ್ದರೆ ಆ ಮಾತು ಇಷ್ಟು ದೂರ ಹೋಗುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ.

ಮೈಸೂರಿನ ಪ್ರವಾಸದ ತರುವಾಯ ಅವನು ವಿಶ್ರಮಿಸಲಿಲ್ಲ. ೧೮೦೨-೦೩ರಲ್ಲಿ ನೇಪಾಳಕ್ಕೆ ಹೋದನು. ಹಿಂತಿರುಗಿ ವೆಲ್ಲೆಸ್ಲಿಯ ವೈದ್ಯನಾಗಿ, ಕಲ್ಕತ್ತದ ಬಳಿಯ ಬ್ಯಾರಕ್‌ಪುರದಲ್ಲಿ ಪ್ರಾಣಿಗಳನ್ನು ಸಾಕಿ ಅವುಗಳ ವರ್ಣನೆ ಬರೆಯುವ ಕೆಲಸವನ್ನು ನೋಡಿಕೊಂಡನು. ಹಲೂದಾರನೆಂಬ ಬಂಗಾಳಿ ಚಿತ್ರಕಾರನು ಅವನಿಗಾಗಿ ಚಿತ್ರಗಳನ್ನು ಬರೆದನು. ೧೮೦೫ರಲ್ಲಿ ವೆಲ್ಲೆಸ್ಲಿಯೊಡನೆ ಇಂಗ್ಲೆಂಡಿಗೆ ಹೋದಾಗ ಮೈಸೂರಿನ ದಿನಚರಿಯನ್ನು ಕಂಪನಿ ಅಚ್ಚಿಗೆ ಕೊಟ್ಟಿತು. ಅದನ್ನು ತಿದ್ದಿ, ಸಂಕ್ಷೇಪಿಸಿ, ವಿಷಯಾನುಕ್ರಮವಾಗಿ ಜೋಡಿಸಬೇಕೆಂಬ ಬಯಕೆ ಅವನಿಗಿತ್ತು, ಅವಕಾಶ ದೊರೆಯಲಿಲ್ಲ. ಬರೆದದ್ದು ಬರೆದಂತೆಯೇ, ದಿನದಿನದ ನಡಿಗೆಯ ಕ್ರಮದಲ್ಲಿಯೇ ಹೊರಬಂದಿತು. ಅವನಿಗೆ ಅದು ಕೊರತೆಯಾಗಿ ಕಂಡಿರಬಹುದು, ನಮಗೆ ಅದು ಲಾಭ. ಜೋಡಿಸಿದ್ದರೆ ಅಡಕೆ ಒಂದು ಅಧ್ಯಾಯಕ್ಕೆ, ಜಾತಿಗಳು ಇನ್ನೊಂದಕ್ಕೆ ಹೋಗಿ, ದಾರಿಯೇ ಮಾಯವಾಗುತ್ತಿತ್ತು.

೧೮೦೭ರಿಂದ ೧೮೧೪ರವರೆಗೆ ಅವನ ಬದುಕಿನ ಅತಿ ದೊಡ್ಡ ಕಾರ್ಯ ನಡೆಯಿತು. ದಿನಾಜಪುರ, ರಂಗಪುರ, ಪೂರ್ಣಿಯ, ಭಾಗಲಪುರ, ಪಾಟ್ನಾ, ಗಯಾ, ಶಾಹಾಬಾದ್, ಗೋರಖಪುರ. ಬಂಗಾಳದಿಂದ ಬಿಹಾರವನ್ನು ಹಾಯ್ದು ಆಚೆಯವರೆಗೆ, ಒಂದೊಂದೇ ಜಿಲ್ಲೆಯನ್ನು ಸುತ್ತಿ ಸಮೀಕ್ಷೆ ಮಾಡಿದನು. ಇದರ ನಡುವೆ ಗಂಗೆಯ ಮೀನುಗಳ ಮೇಲೆ ಅವನಿಗೆ ವಿಶೇಷ ಮೋಹ. ಆ ಮೀನುಗಳ ಗ್ರಂಥವು ೧೮೨೨ರಲ್ಲಿ ಪ್ರಕಟವಾಯಿತು. ಅದರಲ್ಲಿಯೂ ಅವನ ಹಳೆಯ ಅಭ್ಯಾಸವೇ ಕಾಣುತ್ತದೆ. ಬೆಸ್ತರು ರುಯಿ ಎನ್ನುವ ಮೀನಿಗೆ ಶಾಸ್ತ್ರೀಯ ನಾಮದಲ್ಲಿ ರೋಹಿತ, ಕಾಟ್ಲಾ ಎನ್ನುವುದಕ್ಕೆ ಕಾಟ್ಲಾ, ಇಲಿಶ್ ಎನ್ನುವುದಕ್ಕೆ ಇಲಿಶಾ. ನಮ್ಮ ಕೆರೆಗಳಲ್ಲಿ ಇಂದು ಬಿಡುವ ರೋಹು, ಕಾಟ್ಲಾ ಮರಿಗಳನ್ನು ಪ್ರಪಂಚದ ವಿಜ್ಞಾನಿಗಳೆಲ್ಲ ಗುರುತಿಸುವುದು ಬಂಗಾಳದ ಮೀನುಪೇಟೆಯ ಹೆಸರಿನಿಂದ. ಯುರೋಪಿನ ದೊರೆಗಳನ್ನು ಮೆಚ್ಚಿಸಲು ಅವರ ಹೆಸರನ್ನು ಗಿಡಕ್ಕೂ ಪ್ರಾಣಿಗೂ ಅಂಟಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಷ್ಟು ಹೆಸರುಗಳನ್ನು ಕಾಪಾಡಿದವನ ಸ್ವಂತ ಹೆಸರಿಗೆ ಏನಾಯಿತು? ಇಲ್ಲಿಂದ ಮುಂದಿನ ಕಥೆ ಕೊಂಚ ಖೇದಕರವಾದುದು. ೧೮೧೪ರಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಅಧಿಕಾರ ಅವನ ಕೈಗೆ ಬಂತು; ಬಹುಕಾಲದ ಹಂಬಲ ಕೈಗೂಡಿದಾಗ ಆರೋಗ್ಯ ಕೈಕೊಟ್ಟಿತ್ತು. ಮರುವರ್ಷವ��� ಅವನು ಸ್ವದೇಶಕ್ಕೆ ಹೊರಟನು. ಹೊರಡುವಾಗ, ವರ್ಷಗಟ್ಟಲೆ ಶ್ರಮಿಸಿ ಬರೆಸಿದ್ದ ಸಸ್ಯಗಳ ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಮೋಯ್ರಾ ಅನುಮತಿ ಕೊಡಲಿಲ್ಲ. ಅವು ಸರಕಾರದ ಸ್ವತ್ತೆಂದು ಅಲ್ಲಿಯೇ ಉಳಿದವು. ಯಾವ ಸರಕಾರಕ್ಕಾಗಿ ಇಪ್ಪತ್ತು ವರ್ಷ ಪರರ ನೆಲದ ಲೆಕ್ಕ ಬರೆದನೋ ಅದೇ ಸರಕಾರ ಕೊನೆಗೆ ಅವನ ಚೀಲದ ಲೆಕ್ಕವನ್ನೂ ಕೇಳಿತು.

ಬಂಗಾಳದ ಸಮೀಕ್ಷೆಯ ಹಸ್ತಪ್ರತಿಗಳು ಲಂಡನ್ನಿಗೆ ಹೋಗಿ ಕಪಾಟಿನಲ್ಲಿ ಮಲಗಿದವು. ಅವನು ಸತ್ತು ಒಂಬತ್ತು ವರ್ಷಗಳ ಮೇಲೆ, ೧೮೩೮ರಲ್ಲಿ, ಮಾಂಟ್‌ಗೊಮೆರಿ ಮಾರ್ಟಿನ್ ಎಂಬವನು ಅವುಗಳನ್ನು ಕತ್ತರಿಸಿ ಮೂರು ಸಂಪುಟಗಳಾಗಿ ಹೊರತಂದನು. ಮುಖಪುಟದಲ್ಲಿ ಇದ್ದುದು ಮಾರ್ಟಿನ್ನನ ಹೆಸರು, ಬುಕಾನನ್ನನದಲ್ಲ. ಬಿಹಾರ-ಒರಿಸ್ಸಾ ಸಂಶೋಧನ ಸಂಸ್ಥೆಯು ಇಪ್ಪತ್ತನೆಯ ಶತಮಾನದಲ್ಲಿ ಅವನ ಬರಹಗಳನ್ನು ಅವನದೇ ಹೆಸರಿನಿಂದ ಅಚ್ಚು ಮಾಡುವವರೆಗೆ ಈ ಅನ್ಯಾಯ ಹಾಗೆಯೇ ಉಳಿಯಿತು.

ಸ್ಕಾಟ್ಲೆಂಡಿಗೆ ಮರಳಿದ ಬುಕಾನನ್ನನಿಗೆ ತಾಯಿಯ ಕಡೆಯ ಆಸ್ತಿ ದಕ್ಕಿತು. ಅದರೊಡನೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನೂ ತೊಡಬೇಕಾಯಿತು. ೧೮೧೯ರ ನೇಪಾಳದ ಗ್ರಂಥವೂ ಮೀನುಗಳ ಗ್ರಂಥವೂ ಹ್ಯಾಮಿಲ್ಟನ್ನನ ಹೆಸರಿನಲ್ಲಿವೆ. ಹಾಗಿದ್ದೂ ಕೊನೆಯ ವರ್ಷಗಳಲ್ಲಿ ಬುಕಾನನ್ ಕುಲದ ಹಿರಿತನ ತನಗೆ ಸಲ್ಲಬೇಕೆಂದು ದಾಖಲೆಗಳನ್ನು ಹುಡುಕಿ ಸಾಧಿಸಿದನು. ಬಿಟ್ಟ ಹೆಸರಿನ ಮೇಲೆ ಎಷ್ಟು ಮಮತೆ! ೧೮೨೯ರ ಜೂನ್ ೧೫ರಂದು ಅವನು ತೀರಿಕೊಂಡನು. ಇಂದು ನಮ್ಮ ಇತಿಹಾಸಕಾರರು ಅವನನ್ನು ಬುಕಾನನ್ ಎನ್ನುತ್ತಾರೆ. ಮೀನುಗಳನ್ನು ಅಭ್ಯಸಿಸುವವರು ಹ್ಯಾಮಿಲ್ಟನ್ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಎರಡನ್ನೂ ಮೊಟಕುಗೊಳಿಸಿ ಜೋಡಿಸುತ್ತಾರೆ. ನಾವು ಅನ್ನಕ್ಕೆ ಹಾಕುವ ತೇಜಪತ್ರೆಯ ಶಾಸ್ತ್ರೀಯ ಹೆಸರಿನ ಬೆನ್ನಿಗೆ ಆ ಮೊಟಕು ಹೆಸರು ಅಂಟಿಕೊಂಡಿದೆ. ಈ ಮೂವರೂ ಒಬ್ಬನೇ ಎಂಬುದನ್ನು ಅರಿತವರು ವಿರಳ.

ಈಚೆಗೆ ನಾನು ಮತ್ತೊಮ್ಮೆ ಯಾಣಕ್ಕೆ ಹೋಗಿದ್ದೆ. ಈಗ ವಾಹನ ಬಹುದೂರ ಹೋಗುತ್ತದೆ; ಮುಂದಿನ ದಾರಿಗೆ ಮೆಟ್ಟಿಲುಗಳಿವೆ. ನನ್ನ ವಯಸ್ಸಿಗೆ ಅದು ಉಪಕಾರವೇ. ಶಿಖರಗಳು ಹಾಗೆಯೇ ಇವೆ, ಹೆಜ್ಜೇನು ಹಾಗೆಯೇ ಇದೆ, ಗುಹೆಯ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಗೌಡರು ಒಂದೊಂದಾಗಿ ಹೆಸರಿಸಿದ ಬಂಡೆಗಳ ಮುಂದೆ ನಿಂತೆ. ಅಲ್ಲಿ ತಿಂಡಿ ಮಾರುತ್ತಿದ್ದ ಹುಡುಗನನ್ನು ಕೇಳಿದೆ. ಅವನಿಗೆ ಎರಡು ಹೆಸರುಗಳು ಗೊತ್ತಿದ್ದವು: ಭೈರವೇಶ್ವರ, ಮೋಹಿನಿ. ಫಲಕದ ಮೇಲೆ ಬರೆದಿರುವುದೂ ಆ ಎರಡನ್ನೇ.

ಬುಕಾನನ್ ಈ ದಾರಿಯಲ್ಲಿ ಬಂದಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸಿದೆ. ಭಸ್ಮಾಸುರನ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುತ್ತಿದ್ದ. ಶಿಲೆ ಯಾವ ಜಾತಿಯದೆಂದು ಚೂರು ಒಡೆದು ನೋಡುತ್ತಿದ್ದ. ಈ ಬಂಡೆಗೆ ಏನೆನ್ನುತ್ತೀರಿ ಎಂದು ಗೌಡರ ಮುತ್ತಜ್ಜನನ್ನು ಕೇಳುತ್ತಿದ್ದ. ದುಭಾಷಿಯ ಬಾಯಿಂದ ಅರೆಬರೆಯಾಗಿ ಬಂದ ಹೆಸರನ್ನು ವಕ್ರವಾದ ಕಾಗುಣಿತದಲ್ಲಿ ಬರೆದುಕೊಳ್ಳುತ್ತಿದ್ದ. ಆ ವಕ್ರ ಅಕ್ಷರಗಳನ್ನು ನಾವು ಇಂದು ತಿದ್ದಿಕೊಳ್ಳಬಹುದಾಗಿತ್ತು. ಭಾಷೆ ಬಲ್ಲ ನಾನು, ದುಭಾಷಿಯ ಹಂಗಿಲ್ಲದ ನಾನು, ಕಂದಾಯ ಕೇಳಲು ಬಾರದ ನಾನು, ಗೌಡರ ಬೆನ್ನ ಹಿಂದೆಯೇ ನಡೆದಿದ್ದೆ. ನನ್ನಿಂದ ತಿದ್ದಲು ಒಂದು ತಪ್ಪಕ್ಷರವೂ ಉಳಿದಿಲ್ಲ.

ಪರಕೀಯರು ನಮ್ಮನ್ನು ತಪ್ಪಾಗಿ ಬರೆದರೆಂದು ದೂರುವುದು ನ್ಯಾಯವೇ. ಆ ದೂರಿನ ಜೊತೆಗೆ ನಾವು ಎಷ್ಟು ಬರೆದಿಟ್ಟೆವೆಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಮ್ಮ ಶಾಲೆಗಳ ಮಕ್ಕಳು ಬೇಸಗೆಯ ರಜೆಯಲ್ಲಿ ಅಜ್ಜನ ಮನೆಗೆ ಹೋಗುತ್ತಾರೆ. ಅಜ್ಜನಿಗೆ ತೋಟದ ಮೇಲಿನ ಗುಡ್ಡದ ಹೆಸರು ಗೊತ್ತು, ಹಳ್ಳದ ಮಡುವಿನ ಹೆಸರು ಗೊತ್ತು, ಅಡಕೆಯ ಕೊನೆಗೆ ಕಟ್ಟುವ ಕೊಟ್ಟೆಯ ಕಟ್ಟಿನ ಹೆಸರೂ ಗೊತ್ತು. ಒಂದು ವಹಿ, ಒಂದು ಪೆನ್ನು, ಒಂದು ಪ್ರಶ್ನೆ ಸಾಕು. ಇದಕ್ಕೆ ಗವರ್ನರ್ ಜನರಲ್ಲನ ಅಪ್ಪಣೆ ಬೇಕಾಗಿಲ್ಲ.

ಯಾಣದಿಂದ ಮರಳಿದ ರಾತ್ರಿ ನಾನು ಒಂದು ವಹಿಯನ್ನು ತೆರೆದು, ಗೌಡರು ಹೇಳಿದ ಹೆಸರುಗಳಲ್ಲಿ ನೆನಪಿಗೆ ಬಂದುವನ್ನು ಬರೆಯಲು ಕುಳಿತೆ. ಎರಡು ಬಂದವು. ಮೂರನೆಯದರ ಮೊದಲ ಅಕ್ಷರ ಬಂತು, ಉಳಿದುದು ಬರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಗೌಡರ ಕೇರಿಯಲ್ಲಿ ಹಿರಿಯರು ಇನ್ನೂ ಇಬ್ಬರು ಇದ್ದಾರೆಂದು ಕೇಳಿದ್ದೇನೆ. ಮಳೆಗಾಲ ಹಿಡಿಯುವ ಮೊದಲು ಅಲ್ಲಿಗೆ ಹೋಗಬೇಕಾಗಿದೆ.